ಟೊಪ್ಪಿಗೆಗೂ ಅಪ್ಪಣೆ

ಅಮೇರಿಕೆಯ ಆಂಗ್ಲ ವಸಾಹತುಗಳಲ್ಲಿ ಬೀವರ್ ಪ್ರಾಣಿಯ ತುಪ್ಪಟವು ಹೇರಳವಾಗಿದ್ದಿತು. ಅದರಿಂದ ಟೊಪ್ಪಿಗೆ ಮಾಡಬಲ್ಲ ಕುಶಲರೂ ಇದ್ದರು. ಲಂಡನ್ನಿನ ಟೊಪ್ಪಿಗೆಗಾರರಿಗೆ ಇದು ಸಹನೆಯಾಗಲಿಲ್ಲ. ಅವರ ಮೊರೆಯನ್ನಾಲಿಸಿ ಪಾರ್ಲಿಮೆಂಟು 1732ರಲ್ಲಿ ಕಾಯಿದೆಯನ್ನೇ ಮಾಡಿತು: ಒಂದು ವಸಾಹತಿನ ಟೊಪ್ಪಿಗೆಯು ನೆರೆಯ ವಸಾಹತಿಗೂ ಹೋಗಕೂಡದು, ಏಳು ವರ್ಷ ಕಸಬು ಕಲಿಯದವನು ಅದನ್ನು ಮಾಡಕೂಡದು, ಯಜಮಾನನೊಬ್ಬನ ಬಳಿ ಇಬ್ಬರಿಗಿಂತ ಹೆಚ್ಚು ಶಿಷ್ಯರಿರಕೂಡದು. 1750ರಲ್ಲಿ ಕಬ್ಬಿಣದ ಸರದಿ. ಕಚ್ಚಾ ಕಬ್ಬಿಣವನ್ನು ಇಂಗ್ಲೆಂಡಿಗೆ ಕಳುಹಿಸಬಹುದು, ಆದರೆ ಉಕ್ಕಿನ ಹೊಸ ಕುಲುಮೆಯನ್ನು ಹೂಡಕೂಡದು! ಇದನ್ನು ರಾಜನೀತಿಯೆಂದು ಕರೆಯಲು ನಾವು ಒಪ್ಪೆವು. ಇದು ಅಂಗಡಿಕಾರನ ನೀತಿ.

1767ರಲ್ಲಿ ಚಹ, ಕಾಗದ, ಗಾಜುಗಳ ಮೇಲೂ ಸುಂಕ ಬೀಳಲು, ಜನರು ಉತ್ತರವನ್ನು ತಮ್ಮ ಮನೆಗಳಲ್ಲಿಯೇ ಕಂಡುಕೊಂಡರು. ಖಾದಿಯ ಕಥೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸ್ತ್ರೀಯರು ಗುಂಪುಗೂಡಿ ನೂಲತೊಡಗಿದರು. ಹಾರ್ವರ್ಡ್ ಕಾಲೇಜಿನ 1768ರ ವಿದ್ಯಾರ್ಥಿಗಳು ಸ್ವದೇಶದ ಬಟ್ಟೆಯನ್ನುಟ್ಟೇ ಪದವಿ ಪಡೆಯುವೆವೆಂದು ನಿಶ್ಚಯಿಸಿದರು.