ನಗರದ ನಿರ್ಣಯ, ಬೆಟ್ಟದ ಬೆಂಕಿ

ಅಮೆರಿಕದ ಲಾಸ್ ಏಂಜಲೀಸ್ ನಗರಸಭೆಯಲ್ಲಿ ಇರುವವರು ಹದಿನೈದೇ ಸದಸ್ಯರು. ಅಲ್ಲೊಂದು ಕಟ್ಟುನಿಟ್ಟಾದ ಪದ್ಧತಿಯುಂಟು. ಕ್ಯಾಲಿಫೋರ್ನಿಯಾ ರಾಜ್ಯ ಶಾಸಕಾಂಗದ ಮುಂದಿರುವ ಯಾವುದೇ ಮಸೂದೆಯ ಬಗ್ಗೆ ನಗರದ ಹೆಸರಿನಲ್ಲಿ ಅಧಿಕೃತವಾಗಿ ಮಾತನಾಡಬೇಕಾದರೆ ಮೊದಲು ಸಭೆ ನಿರ್ಣಯ ಅಂಗೀಕರಿಸಬೇಕು, ಮೇಯರ್ ಅದಕ್ಕೆ ಸಮ್ಮತಿ ನೀಡಬೇಕು. ಸದಸ್ಯರೊಬ್ಬರು ಮಂಡಿಸಿದ ನಿರ್ಣಯ ಸಾಮಾನ್ಯವಾಗಿ ನಿಯಮಾವಳಿ ಸಮಿತಿಗೆ ಹೋಗುತ್ತದೆ. ಮುಖ್ಯ ಶಾಸನ ವಿಶ್ಲೇಷಕರ ಕಚೇರಿಯು ಮಸೂದೆಯನ್ನು ಅಭ್ಯಸಿಸಿ ವರದಿ ಸಲ್ಲಿಸುತ್ತದೆ. ಬೆಂಬಲ ಅಥವಾ ವಿರೋಧವೆಂಬ ಎರಡೇ ದಾರಿಗಳಲ್ಲ. ‘ತಿದ್ದುಪಡಿಯಾಗದಿದ್ದರೆ ವಿರೋಧ’ ಎಂಬ ನಡುದಾರಿಯೂ ಇದೆ. ಕಡತಗಳೆಲ್ಲ ಸಾರ್ವಜನಿಕರ ಕಣ್ಣೆದುರೇ ಇರುತ್ತವೆ.

ದೂರದ ರಾಜಧಾನಿಯಲ್ಲಿ ರೂಪುಗೊಳ್ಳುವ ಕಾಯಿದೆಗೆ ಊರಿನ ಅಭಿಪ್ರಾಯವೆಷ್ಟು ಮುಖ್ಯ ಎಂಬ ಪ್ರಶ್ನೆ ಮಲೆನಾಡಿಗರಿಗೆ ಹೊಸತಲ್ಲ. ಆದ್ದರಿಂದ ಈ ಪದ್ಧತಿ ಮೆಚ್ಚುಗೆಯಾಗುವುದು ಸಹಜ. ಆದರೆ ಅಲ್ಲಿ 2025ರಲ್ಲಿ ನಡೆದದ್ದನ್ನು ನೋಡಿದರೆ ಮೆಚ್ಚುಗೆಗೆ ಸ್ವಲ್ಪ ಕಡಿವಾಣ ಹಾಕಬೇಕಾಗುತ್ತದೆ.

ಸೆನೆಟರ್ ಸ್ಕಾಟ್ ವೀನರ್ ಮಂಡಿಸಿದ 79ನೇ ಸಂಖ್ಯೆಯ ಮಸೂದೆ, ಪ್ರಮುಖ ರೈಲು ಹಾಗೂ ಬಸ್ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಬಹುಮಹಡಿ ವಸತಿಗೆ ಅವಕಾಶ ಕೊಡುವಂಥದು. ಮೆಟ್ರೋ ನಿಲ್ದಾಣಗಳ ಪಕ್ಕದಲ್ಲಾದರೆ ಒಂಬತ್ತು ಮಹಡಿಗಳವರೆಗೆ. ನಗರದ ವಸತಿ ಭೂಮಿಯ ಹೆಚ್ಚುಕಡಿಮೆ ಮುಕ್ಕಾಲು ಭಾಗ ಒಂಟಿ ಮನೆಗಳಿಗೇ ಮೀಸಲಾಗಿರುವ ಲಾಸ್ ಏಂಜಲೀಸಿಗೆ ಇದು ಸಣ್ಣ ಮಾತಲ್ಲ. 2025ರ ಆಗಸ್ಟ್ 19ರಂದು ನಗರಸಭೆ 8–5 ಮತಗಳಿಂದ ‘ತಿದ್ದುಪಡಿಯಾಗದಿದ್ದರೆ ವಿರೋಧ’ ಎಂದು ನಿರ್ಣಯಿಸಿತು. ಸ್ಥಳೀಯ ಅಧಿಕಾರ ಮೊಟಕಾಗುತ್ತದೆ, ಮೂಲಸೌಕರ್ಯದ ಮೇಲೆ ಹೊರೆ ಬೀಳುತ್ತದೆ ಎಂಬುದು ವಾದ. ಮೇಯರ್ ಕರೆನ್ ಬಾಸ್ ಕೂಡ ಮಸೂದೆಯನ್ನು ವಿರೋಧಿಸಿದರು. ಆದರೂ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅಕ್ಟೋಬರ್ 10ರಂದು ಅದಕ್ಕೆ ಸಹಿ ಹಾಕಿದರು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ನೇರವಾಗಿ ಆರಿಸಿಬಂದ ಆಡಳಿತ ಮುಖ್ಯಸ್ಥರು, ರಾಜಭವನದ ಅಲಂಕಾರವಲ್ಲ.)

ಊರಿನ ಮಾತನ್ನು ರಾಜ್ಯ ತುಳಿಯಿತು ಎಂದು ಮರುಗುವ ಮುನ್ನ ಅದೇ ವರ್ಷದ ಜನವರಿಯನ್ನು ನೆನೆಯಬೇಕು. ಪ್ಯಾಲಿಸೇಡ್ಸ್ ಮತ್ತು ಈಟನ್ ಎಂಬ ಎರಡು ಕಾಳ್ಗಿಚ್ಚುಗಳಲ್ಲಿ ಆಗ 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಸುಮಾರು ಮೂವತ್ತು ಜನ ಸತ್ತರು. ಒಣಗಿದ ಕುರುಚಲು ಬೆಟ್ಟಗಳ ಅಂಚಿಗೆ, ಇಳಿಜಾರಿಗೆ ಮನೆಗಳು ಏರಿದ್ದಕ್ಕೆ ಕಾರಣಗಳು ಹಲವು. ಸಿರಿವಂತರ ನೋಟದ ಮೋಹವೂ ಅದರಲ್ಲಿ ಒಂದು. ಆದರೆ ನಗರದ ಒಳಗೆ ದಟ್ಟವಾಗಿ ಮನೆ ಕಟ್ಟಲು ಬಿಡದಿದ್ದರೆ ವಸತಿ ಹೊರಕ್ಕೆ, ಹೊಲಕ್ಕೆ, ಗುಡ್ಡಕ್ಕೆ ಹರಿಯುವುದು ನೀರು ತಗ್ಗಿಗೆ ಹರಿದಷ್ಟೇ ಖಚಿತ. ನಿರ್ಣಯದ ದಿನ ಆ ಗುಡ್ಡಗಳಿಗೆ ಮತವಿರಲಿಲ್ಲ. ಬಾಡಿಗೆ ಭರಿಸಲಾರದೆ ಊರು ಬಿಟ್ಟು ದಿನವೂ ದೂರದಿಂದ ಕಾರಿನಲ್ಲಿ ಬರುವ ದುಡಿಮೆಗಾರನಿಗೂ ಇರಲಿಲ್ಲ.

ಹಾಗೆಂದು ರಾಜ್ಯವೇ ಸದಾ ಸರಿ ಎನ್ನಲಾಗದು. ಅದೇ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯ ಕಾಡುಗಳಲ್ಲಿ ನಾಟಾ ಮರಗಳಿಗೆ ಪೈಪೋಟಿಯೊಡ್ಡುವ ಅಗಲೆಲೆಯ ಗಿಡಗಳನ್ನು ಕೊಲ್ಲಲು ವಿಮಾನದಿಂದ ಕಳೆನಾಶಕ ಸುರಿಯುತ್ತಿದ್ದರು. 1977ರಲ್ಲಿ ಆ ತುಂತುರು ಗಾಳಿಯಲ್ಲಿ ತೇಲಿ ಶಾಲಾ ಬಸ್ಸುಗಳ ಮೇಲೆ ಬಿತ್ತು. 1979ರಲ್ಲಿ ಅಲ್ಲಿನ ಮತದಾರರು ಫೀನಾಕ್ಸಿ ಗುಂಪಿನ ಕಳೆನಾಶಕಗಳ ವೈಮಾನಿಕ ಸಿಂಪಡಣೆಯನ್ನು ನಿಷೇಧಿಸಿದರು. 1984ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಶಾಸಕಾಂಗ ಸುಮ್ಮನಿರಲಿಲ್ಲ. ಅದೇ ವರ್ಷ ಕಾಯಿದೆ ತಂದು, ಕೀಟನಾಶಕ ಮತ್ತು ಕಳೆನಾಶಕಗಳ ನಿಯಂತ್ರಣದಲ್ಲಿ ಸ್ಥಳೀಯ ಸಂಸ್ಥೆಗಳ ಕೈ ಕಟ್ಟಿಹಾಕಿತು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದುದನ್ನು ಕಂಡ ಕೊಕ್ಕಡ, ಪಟ್ರಮೆಯ ಜನರಿಗೆ, ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಎರಡೂ ಕಡೆ ರಾಜ್ಯವು ಸ್ಥಳೀಯ ಅಧಿಕಾರವನ್ನು ಕಸಿದುಕೊಂಡಿದೆ. ಆದರೂ ಎರಡೂ ಒಂದಲ್ಲ. ಮೆಂಡೊಸಿನೊದಲ್ಲಿ ‘ಬೇಡ’ ಎಂದವರೇ ವಿಷವನ್ನು ಉಸಿರಾಡುತ್ತಿದ್ದವರು. ತೀರ್ಮಾನದ ಫಲವನ್ನು ಉಣ್ಣುವವರೂ ಅವರೇ ಆಗಿದ್ದರು. ಲಾಸ್ ಏಂಜಲೀಸಿನಲ್ಲಿ ‘ಬೇಡ’ ಎಂಬ ದನಿ ಜೋರಾಗಿ ಕೇಳಿಸಿದ್ದು ಈಗಾಗಲೇ ಮನೆಯುಳ್ಳವರ ಕಡೆಯಿಂದ. ಬೆಲೆ ತೆರುವವರು ಬೇರೆಯವರು. ಸ್ಥಳೀಯತೆ ಎಂಬ ಒಂದೇ ಪದ ಎರಡನ್ನೂ ಮುಚ್ಚಿಬಿಡುತ್ತದೆ. ಪರಿಸರಾಸಕ್ತರೂ ಆ ಪದಕ್ಕೆ ಬಹುಬೇಗ ಮರುಳಾಗುವುದುಂಟು.

ಹೊಸ ಕಾಯಿದೆಯ ಜಾರಿಗೆ 2026ರ ಜುಲೈ 1ರ ದಿನಾಂಕ ಗೊತ್ತುಮಾಡಿ, ನಗರಗಳು ತಮ್ಮದೇ ಪರ್ಯಾಯ ಯೋಜನೆ ರೂಪಿಸಿಕೊಳ್ಳಲು ಅವಕಾಶ ಇಡಲಾಗಿದೆ. ಲಾಸ್ ಏಂಜಲೀಸಿನ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಅಂಥ ಯೋಜನೆಯೊಂದು ಸಮಿತಿಯ ಮುಂದೆ ಬಂದಾಗ, ಕೆಲಸದ ದಿನದ ನಡುಹಗಲಿನಲ್ಲಿ ಅವರಲ್ಲಿ ಎಷ್ಟು ಮಂದಿ ಬಂದು ಮಾತನಾಡಬಲ್ಲರು?