ಯಂತ್ರಕ್ಕೆ ಪಾಸ್, ಲಕ್ಷ್ಮಮ್ಮನಿಗೆ ಫೇಲ್

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಗ್ರಾಮ ಒನ್‌ನಲ್ಲಿ, ನಾಡಕಚೇರಿಯಲ್ಲಿ, ಪೇಟೆಯ ಸೈಬರ್‌ನಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಹೆಂಗಸರು ಕೂಲಿ ಬಿಟ್ಟು ಸಾಲಿನಲ್ಲಿ ನಿಂತು ಬರಿಗೈಲಿ ವಾಪಸ್ ಬಂದದ್ದು ನೆನಪಿದೆಯಲ್ಲ. ಆದರೆ ಎಲ್ಲ ಸಲವೂ ತಪ್ಪು ಸರ್ವರ್‌ನದಲ್ಲ. ಎಷ್ಟೋ ಸಲ ಸರ್ವರ್ ಚೆನ್ನಾಗೇ ಇರುತ್ತದೆ, ಅರ್ಜಿಯ ಪುಟವೇ ನಮ್ಮನ್ನು ಒಳಗೆ ಬಿಡುವುದಿಲ್ಲ.

ಇಂಥ ಪುಟಗಳನ್ನು ಜನರ ಕೈಗೆ ಕೊಡುವ ಮೊದಲು ಪರೀಕ್ಷೆ ಮಾಡುವುದೇ ಒಂದು ದೊಡ್ಡ ಉದ್ಯೋಗ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರೂ ಈ ಕೆಲಸದಲ್ಲಿದ್ದಾರೆ. ಮನೆಯವರಿಗೆ ‘ಟೆಸ್ಟಿಂಗ್’ ಅಂತ ಮಾತ್ರ ಗೊತ್ತು. ಮೊದಲು ಮನುಷ್ಯರೇ ಕೂತು ಒಂದೊಂದು ಬಟನ್ ಒತ್ತಿ ನೋಡುತ್ತಿದ್ದರು. 2004ರಲ್ಲಿ ಸೆಲೆನಿಯಮ್ ಹುಟ್ಟಿದ ಮೇಲೆ ಆ ಕೆಲಸ ಪ್ರೋಗ್ರಾಂಗೆ ಬಂತು. 2017ರಲ್ಲಿ ಗೂಗಲ್ ಕ್ರೋಮ್‌ಗೇ ‘ಹೆಡ್‌ಲೆಸ್’ ಸೌಲಭ್ಯ ಸೇರಿತು. ತಲೆ ಇಲ್ಲದ್ದು ಅಂದರೆ ಪರದೆ ಇಲ್ಲದ್ದು. ನಿಮ್ಮ ಫೋನಿನ ಕ್ರೋಮ್‌ನಂತೆಯೇ ಪುಟ ತೆರೆಯುತ್ತದೆ, ಹೆಸರು ತುಂಬುತ್ತದೆ, ಬಟನ್ ಒತ್ತುತ್ತದೆ, ‘ಅರ್ಜಿ ಸ್ವೀಕರಿಸಲಾಗಿದೆ’ ಅಂತ ಬಂತೇ ನೋಡುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣದು. ರಾತ್ರಿಯಿಡೀ ನೂರಾರು ಸಲ ಓಡಿಸಬಹುದು. ಬೆಳಿಗ್ಗೆ ಹಸಿರು ಗುರುತು ಬಿದ್ದಿದ್ದರೆ ಪಾಸ್.

ನನ್ನ ತಕರಾರು ಆ ಹಸಿರು ಗುರುತಿನ ಮೇಲೆ. ಯಂತ್ರ ಹೇಳಿಕೊಟ್ಟಷ್ಟನ್ನೇ ನೋಡುತ್ತದೆ. ‘ಟೆಸ್ಟ್ ಯೂಸರ್’ ಅಂತ ಇಂಗ್ಲಿಷ್ ಹೆಸರು ಕೊಟ್ಟು, ಆಫೀಸಿನ ವೇಗದ ನೆಟ್‌ನಲ್ಲಿ ಓಡಿಸಿದರೆ ಪಾಸಾಗದೆ ಇನ್ನೇನು? ಕನ್ನಡದ ಒಂದು ಸಣ್ಣ ಸಂಗತಿ ನೋಡಿ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ‘ಕ’, ‘ಮ’, ‘ಲ’ ಅಕ್ಷರಗಳು. ಆದರೆ ಕೊಂಬು, ದೀರ್ಘ, ಒತ್ತು ಕೊಡಿಸುವ ಅರ್ಧಾಕ್ಷರದ ಚಿಹ್ನೆ, ಇವು ಅಕ್ಷರಗಳಲ್ಲ, ಬರೀ ಗುರುತುಗಳು. ‘ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ’ ಅಂತ ಯಾರೋ ನಿಯಮ ಬರೆದಿಟ್ಟರೆ ಕಮಲ ಒಳಗೆ ಹೋಗುತ್ತಾಳೆ, ಲಕ್ಷ್ಮಮ್ಮ ಬಾಗಿಲಲ್ಲೇ ನಿಲ್ಲುತ್ತಾಳೆ. ಒಂದೇ ಹೆಸರಿರುವ ಅಜ್ಜನಿಗೆ ‘ಕೊನೆಯ ಹೆಸರು ಕಡ್ಡಾಯ’ ಅನ್ನುವ ಕೆಂಪು ಸಾಲು. ಒಟಿಪಿ ಬರುವಷ್ಟರಲ್ಲಿ ಪುಟದ ಸಮಯವೇ ಮುಗಿದಿರುತ್ತದೆ.

ಇದನ್ನೆಲ್ಲ ಪರೀಕ್ಷಿಸಲು ಆಗುವುದಿಲ್ಲವೇ ಅಂದರೆ, ಆಗುತ್ತದೆ. ನೆಟ್ ನಿಧಾನ ಮಾಡು, ಮಧ್ಯದಲ್ಲಿ ಕಡಿ, ಪರದೆ ಚಿಕ್ಕದು ಮಾಡು ಅಂದರೆ ಇದೇ ಹೆಡ್‌ಲೆಸ್ ಬ್ರೌಸರ್ ಮಾಡುತ್ತದೆ. ಕೆಲವು ಸಾಲು ಹೆಚ್ಚು ಬರೆಯಬೇಕು, ಅಷ್ಟೆ. (ಒಂದೇ ಸಲ ಲಕ್ಷ ಜನ ನುಗ್ಗಿದರೆ ಏನಾಗುತ್ತದೆ ಅನ್ನುವುದು ಬೇರೆಯೇ ಪರೀಕ್ಷೆ, ಅದಕ್ಕೆ ಬೇರೆ ಸಲಕರಣೆ ಇದೆ.)

ಕೇಳುವವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. 2021ರ ಜೂನ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಕಟ್ಟಿದ ಆದಾಯ ತೆರಿಗೆಯ ಹೊಸ ಪೋರ್ಟಲ್ ಶುರುವಿನಲ್ಲೇ ಕೈಕೊಟ್ಟಿತು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರ್‌ನಲ್ಲೇ ನಂದನ್ ನಿಲೇಕಣಿಯವರಿಗೆ ಸರಿಮಾಡಿ ಅಂದರು. ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಕರೆಸಿ ವಿವರಣೆ ಕೇಳಿದರು. ತೆರಿಗೆ ಕಟ್ಟುವವರ ದನಿಗೆ ಅಷ್ಟು ಬಲ. ಪಹಣಿಗೆ, ಪಿಂಚಣಿಗೆ ಅಲೆಯುವವರ ಪರವಾಗಿ ಯಾವ ಕಂಪನಿಯ ಮುಖ್ಯಸ್ಥರನ್ನು ಯಾರು ಕರೆಸುತ್ತಾರೆ?

ಸರ್ಕಾರ ಪೋರ್ಟಲ್ ಕಟ್ಟಿಸುವ ಟೆಂಡರಿನಲ್ಲೇ ಇದನ್ನು ಬರೆಯಬೇಕು: ಕನ್ನಡದ ಹೆಸರು, ಒಂದೇ ಪದದ ಹೆಸರು, ಹಳೇ ಫೋನು, ಕುಂಟುವ ನೆಟ್, ತಡವಾಗಿ ಬರುವ ಒಟಿಪಿ. ಇಷ್ಟರಲ್ಲೂ ಪಾಸಾಗದೆ ಬಿಲ್ ಪಾಸಾಗಬಾರದು. ಪರೀಕ್ಷೆಯ ಫಲಿತಾಂಶವನ್ನು ಜನರ ಮುಂದಿಡಬೇಕು.

ಟೆಸ್ಟಿಂಗ್ ಕೆಲಸದಲ್ಲಿರುವ ನಮ್ಮೂರಿನ ತಮ್ಮಂದಿರು, ತಂಗಿಯರು ಅಷ್ಟರವರೆಗೆ ಕಾಯಬೇಕಿಲ್ಲ. ಹಬ್ಬಕ್ಕೆ ಬಂದಾಗ ಬೀದಿಯ ಹತ್ತು ಮಂದಿ ಅಜ್ಜಿಯರ ಹೆಸರನ್ನು ಒತ್ತು, ದೀರ್ಘ ಸಮೇತ ಬರೆದುಕೊಂಡು ಹೋಗಿ. ಆಧಾರ್ ನಂಬರ್ ಬೇಡ, ಹೆಸರು ಸಾಕು. ಸೋಮವಾರ ರಾತ್ರಿಯ ಪರೀಕ್ಷೆಗೆ ಅದನ್ನೇ ಹಾಕಿ ನೋಡಿ.