ಕಡಲಪಯಣದ ಓಕರಿಕೆಗೆ ನಾಚುವುದೇಕೆ?

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಳ್ಳುವುದಕ್ಕೆ ದಶಕಗಳ ಹಿಂದೆ, ನಮ್ಮ ಹಿರಿಯರಲ್ಲಿ ಅನೇಕರು ಮಂಗಳೂರಿನಿಂದ ಮುಂಬಯಿಗೆ ಬಂದುದು ಹಡಗಿನಲ್ಲಿ. ಹೊಟ್ಟೆಪಾಡಿಗಾಗಿ ಹೊರಟವರಿಗೆ ಹೊಟ್ಟೆ ತೊಳಸಿದರೆ ಕೇಳುವವರಾರು? ಇಂದು ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ದುಡಿಮೆಗಾರರೂ ಕೂಡಿಟ್ಟ ಹಣದಿಂದ ವಿಹಾರನೌಕೆಯನ್ನು ಏರುತ್ತಿದ್ದಾರೆ. ಸಂತೋಷ. ಆದರೆ ಓಕರಿಸಿದವನನ್ನು ಕಂಡು ನಗುವ ಅಭ್ಯಾಸ ಮಾತ್ರ ಸಲ್ಲದು.

ನಗೆಗೆ ಅಂಜಿ ಅವನು ಕೋಣೆಯೊಳಗೆ ಅಡಗುತ್ತಾನೆ; ಅಲ್ಲಿಯೇ ಬಾಧೆ ಹೆಚ್ಚುತ್ತದೆ. ಒಳಕಿವಿಯು ಓಲಾಟವನ್ನು ಅರಿಯುತ್ತದೆ; ಗೋಡೆಯನ್ನು ನೋಡುವ ಕಣ್ಣು ಎಲ್ಲವೂ ಸ್ಥಿರವೆನ್ನುತ್ತದೆ. ಈ ವಿರೋಧವೇ ಓಕರಿಕೆಗೆ ಮೂಲ, ಅಂಜುಬುರುಕುತನವಲ್ಲ. 1805ರಲ್ಲಿ ಟ್ರಫಾಲ್ಗರ್ ಕದನವನ್ನು ಗೆದ್ದ ನೌಕಾಪತಿ ನೆಲ್ಸನ್ನನನ್ನೂ ಈ ಪೀಡೆ ಬಿಡಲಿಲ್ಲ.

ಆದುದರಿಂದ ಮೊದಲ ಸಲ ಹೋಗುವವರು ಹಡಗಿನ ಮಧ್ಯಭಾಗದ ಕೆಳ ಅಂತಸ್ತಿನಲ್ಲಿ ಕೋಣೆ ಕೇಳಲಿ. ಹೊಟ್ಟೆ ಬಿರಿಯೆ ಉಣ್ಣದೆ ಹಗುರವಾಗಿ ಉಣ್ಣಲಿ. ವೈದ್ಯರನ್ನು ಕೇಳಿ, ಗುಳಿಗೆಯನ್ನು ಬಾಧೆ ಆರಂಭವಾಗುವ ಮೊದಲೇ ನುಂಗಲಿ. ಅದರಿಂದ ತೂಕಡಿಕೆ ಬರಬಹುದೆಂಬುದು ನೆನಪಿರಲಿ. ತಲೆ ಸುತ್ತಿದೊಡನೆ ಹೊರಗೆ ಬಂದು, ತಂಗಾಳಿಯಲ್ಲಿ ಕುಳಿತು, ದಿಗಂತವನ್ನು ನೋಡಲಿ. ಜೊತೆಗಾರರೂ ನಗುವುದನ್ನು ಬಿಟ್ಟು ಒಂದು ಲೋಟ ನೀರು ಕೊಡಲಿ. ದೂರದೂರಿನಲ್ಲಿ ಪರಸ್ಪರ ಆಸರೆಯಿಂದ ಬಾಳಿದ ನಮಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.